ನೋಮ್ ಪಟ್ಟಣದ ನಾಯಿಬಂಡಿಯ ಪಂದ್ಯ

ಅಲಾಸ್ಕಾದ ಪಶ್ಚಿಮ ತೀರದಲ್ಲಿ, ಬೇರಿಂಗ್ ಸಮುದ್ರದ ದಡದ ಮೇಲೆ, ನೋಮ್ ಎಂಬ ಒಂದು ಪಟ್ಟಣವುಂಟು. 1898ರಲ್ಲಿ ಅದರ ಸಮೀಪದ ಹಳ್ಳವೊಂದರಲ್ಲಿ ಚಿನ್ನ ದೊರೆಯಿತು. ಮರುವರ್ಷ ಕಡಲ ತೀರದ ಮರಳಿನಲ್ಲಿಯೂ ಚಿನ್ನವಿದೆಯೆಂಬ ಸುದ್ದಿ ಹಬ್ಬಿದ ಮೇಲೆ, ಸಾವಿರಾರು ಜನ ಹಡಗುಗಳಲ್ಲಿ ಬಂದಿಳಿದರು. ಬಂದವರಿಗೆ ಚಳಿಗಾಲ ಬಂದಾಗ ತಿಳಿಯಿತು, ತಾವು ಎಂತಹ ಸ್ಥಳಕ್ಕೆ ಬಂದಿದ್ದೇವೆಂದು. ಸಮುದ್ರ ಹೆಪ್ಪುಗಟ್ಟಿದ ಮೇಲೆ ಹಡಗು ಬಾರದು, ರೈಲಿಲ್ಲ, ರಸ್ತೆಯಿಲ್ಲ. ಟಪಾಲು ಬರಬೇಕಾದರೂ, ರೋಗಿಯನ್ನು ಸಾಗಿಸಬೇಕಾದರೂ, ಗಾಲಿಯಿಲ್ಲದೆ ಮರದ ಪಟ್ಟಿಗಳ ಮೇಲೆ ಜಾರುವ ಸ್ಲೆಡ್ಜ್ ಬಂಡಿಯೇ ಗತಿ. ಅದನ್ನು ಎಳೆಯುವುದಕ್ಕೆ ನಾಯಿಯೇ ಗತಿ. ಈ ವಿದ್ಯೆ ಚಿನ್ನಕ್ಕಾಗಿ ಬಂದವರದಲ್ಲ. ಆ ಹಿಮಪ್ರದೇಶದ ಮೂಲನಿವಾಸಿಗಳು ತಲೆತಲಾಂತರದಿಂದ ಬಲ್ಲ ವಿದ್ಯೆ; ಹೊಸಬರು ಅವರಿಂದ ಕಲಿತರು.

ಉದ್ದವಾದ ಚಳಿಗಾಲ, ಕೈಯಲ್ಲಿ ಚಿನ್ನ, ಮಾಡುವುದಕ್ಕೆ ಕೆಲಸವಿಲ್ಲ. ಯಾರ ನಾಯಿಗಳು ಹೆಚ್ಚು ಎಂಬ ಜಗಳ ಹುಟ್ಟುವುದಕ್ಕೆ ಇಷ್ಟು ಸಾಕು. ಆಲ್ಬರ್ಟ್ ಫಿಂಕ್ ಎಂಬ ವಕೀಲನ ಮುಂದಾಳುತನದಲ್ಲಿ ನಾಯಿಗಳ ಒಡೆಯರು ಒಂದು ಸಂಘವನ್ನು ಕಟ್ಟಿಕೊಂಡು, 1908ರಲ್ಲಿ ಪಂದ್ಯವನ್ನು ಏರ್ಪಡಿಸಿದರು. ನೋಮ್‌ನಿಂದ ಹೊರಟು, ಕಡಲ ತೀರವನ್ನು ಹಿಡಿದು ಟಾಪ್‌ಕಾಕ್ ಬೆಟ್ಟದವರೆಗೆ ಹೋಗಿ, ಅಲ್ಲಿಂದ ಒಳನಾಡಿಗೆ ತಿರುಗಿ, ಬೆಟ್ಟಗಳನ್ನು ದಾಟಿ ಉತ್ತರದ ಕ್ಯಾಂಡಲ್ ಎಂಬ ಊರನ್ನು ಮುಟ್ಟಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಒಟ್ಟು 408 ಮೈಲಿ. ದಾರಿಯುದ್ದಕ್ಕೂ ಟೆಲಿಫೋನಿನ ತಂತಿ ಇದ್ದುದರಿಂದ, ಯಾವ ಬಂಡಿ ಯಾವ ತಂಗುದಾಣವನ್ನು ಎಷ್ಟು ಗಂಟೆಗೆ ದಾಟಿತೆಂಬುದು ಪಟ್ಟಣಕ್ಕೆ ಆಗಿಂದಾಗಲೇ ತಿಳಿಯುತ್ತಿದ್ದಿತು. ಜನ ಊಟ ನಿದ್ರೆಗಳನ್ನು ಬಿಟ್ಟು ಆ ಸುದ್ದಿಗಾಗಿ ಕಾದಿರುತ್ತಿದ್ದರು. ಇದರಲ್ಲಿ ಜೂಜಿನ ಆಸೆಯೂ ಬಹಳವಾಗಿದ್ದಿತು. ಅದನ್ನು ನಾವು ಮರೆಮಾಚುವುದರಿಂದ ಪ್ರಯೋಜನವಿಲ್ಲ.

ಪಣ ದೊಡ್ಡದಾದ ಕಡೆ ಮೋಸವೂ ಇಣುಕುವುದು ಸಹಜ. ದಣಿದ ನಾಯಿಯನ್ನು ದಾರಿಯಲ್ಲಿ ಬಿಟ್ಟು ಹೊಸ ನಾಯಿಯನ್ನು ಕಟ್ಟಿಕೊಂಡರೆ ಯಾರು ಕಂಡಾರು? ಆದುದರಿಂದ ಸಂಘದವರು ಒಂದು ನಿಯಮವನ್ನು ಮಾಡಿದರು. ಹೊರಡುವ ಮುನ್ನ ಪ್ರತಿಯೊಂದು ನಾಯಿಗೂ ಗುರುತು ಹಾಕತಕ್ಕದ್ದು. ಸಾರಥಿಯು ಎಷ್ಟು ನಾಯಿಗಳೊಡನೆ ಹೊರಟನೋ ಅಷ್ಟನ್ನೂ, ಸತ್ತಿರಲಿ ಬದುಕಿರಲಿ, ಹಿಂದಕ್ಕೆ ತರತಕ್ಕದ್ದು. ಕುಂಟಿದ ನಾಯಿಯನ್ನು ಬಂಡಿಯ ಮೇಲೆ ಹೊತ್ತುಕೊಂಡು ಬರಬೇಕು. ಆಗ ಎಳೆಯುವ ನಾಯಿ ಒಂದು ಕಡಮೆ, ಹೊರೆ ಒಂದು ಹೆಚ್ಚು. ಮೋಸವನ್ನು ತಡೆಯುವುದಕ್ಕಾಗಿ ಹುಟ್ಟಿದ ಈ ಕಟ್ಟುಪಾಡು ಕ್ರಮೇಣ ಪಂದ್ಯದ ಸ್ವರೂಪವನ್ನೇ ಬದಲಾಯಿಸಿತೆಂದು ನಮಗೆ ತೋರುತ್ತದೆ. ನಾಯಿಯನ್ನು ಕಾಪಾಡಲಾರದವನು ಗೆಲ್ಲಲಾರ.

ಇದನ್ನು ಮೊದಲು ಚೆನ್ನಾಗಿ ಅರಿತವನು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಸ್ಕಾಟಿ ಅಲೆನ್. ಅವನ ಸಿದ್ಧತೆಯನ್ನು ಗಮನಿಸಬೇಕು. ಮಂಜುಗಡ್ಡೆಯ ಚೂಪು ಅಂಚಿಗೆ ಪಾದ ಸೀಳದಂತೆ ನಾಯಿಗಳಿಗೆ ಫ್ಲಾನೆಲ್ ಬಟ್ಟೆಯ ಕಾಲುಚೀಲ. ಹಿಮದ ಮೇಲಿನ ಬಿಸಿಲಿನ ಝಳಕ್ಕೆ ಕಣ್ಣು ಕೆಡದಂತೆ ಹಸಿರು ಬಟ್ಟೆಯ ಮುಸುಕು. ತಂಗಿದಾಗ ಹೊದಿಸುವುದಕ್ಕೆ ಕಂಬಳಿ. ಕುದುರೆಗೆ ಲಗಾಮುಂಟು, ಎತ್ತಿಗೆ ಮೂಗುದಾರವುಂಟು. ಈ ನಾಯಿಗಳಿಗೆ ಎರಡೂ ಇಲ್ಲ. ಜೋಡಿ ಜೋಡಿಯಾಗಿ ಕಟ್ಟಿದ ಸಾಲಿನ ತುದಿಯಲ್ಲಿ ಒಂದು ಮುಂದಾಳು ನಾಯಿ. ಅದನ್ನು ನಡೆಸುವುದಕ್ಕೆ ಸಾರಥಿಯ ಕಂಠವೊಂದೇ ಸಾಧನ. ‘ಜೀ’ ಎಂದರೆ ಬಲಕ್ಕೆ, ‘ಹಾ’ ಎಂದರೆ ಎಡಕ್ಕೆ. ಬಿರುಗಾಳಿಯಲ್ಲಿ ಸಾರಥಿಗೆ ತನ್ನ ಕೈಯೇ ಕಾಣದಿರುವಾಗ, ದಾರಿ ಹುಡುಕುವ ಭಾರವೆಲ್ಲ ಆ ಮೂಕಪ್ರಾಣಿಯ ಮೇಲೆ. ಮೊದಲ ವರ್ಷ ಗೆದ್ದ ಜಾನ್ ಹೆಗ್ನೆಸ್‌ಗೆ 119 ಗಂಟೆಗಳಿಗೂ ಹೆಚ್ಚು ಹಿಡಿದಿದ್ದಿತು. ಮರುವರ್ಷ ಅಲೆನ್ ಅದೇ ದಾರಿಯನ್ನು 82 ಗಂಟೆಗಳಲ್ಲಿ ಮುಗಿಸಿದನು. ಹವೆಯ ವ್ಯತ್ಯಾಸವೂ ಇದ್ದಿರಬೇಕು. ಆದರೂ ಎಲ್ಲಿ ಓಡಿಸಬೇಕು, ಎಲ್ಲಿ ಮಲಗಿಸಬೇಕು ಎಂಬ ಲೆಕ್ಕಾಚಾರದ ಪಾಲು ಅದರಲ್ಲಿ ಸಣ್ಣದಲ್ಲ.

ಅದೇ 1909ರಲ್ಲಿ ಗೂಸಾಕ್ ಎಂಬ ರಷ್ಯದ ವ್ಯಾಪಾರಿ ಸೈಬೀರಿಯದಿಂದ ಕೆಲವು ನಾಯಿಗಳನ್ನು ತಂದನು. ಅಲಾಸ್ಕಾದ ಭಾರಿ ನಾಯಿಗಳ ಪಕ್ಕದಲ್ಲಿ ಇವು ಅಷ್ಟು ಚಿಕ್ಕವು. ಜನ ಇವನ್ನು ಇಲಿಗಳೆಂದು ಹಾಸ್ಯಮಾಡಿದರು. ಆ ಇಲಿಗಳೇ ಮೂರನೆಯ ಸ್ಥಾನಕ್ಕೆ ಬಂದಾಗ ನಗು ನಿಂತಿತು. ಫಾಕ್ಸ್ ಮೌಲ್ ರಾಮ್ಸೆ ಎಂಬ ಸ್ಕಾಟ್ಲೆಂಡಿನ ಶ್ರೀಮಂತ ಮನೆತನದ ತರುಣನು ಹಡಗನ್ನು ಗೊತ್ತುಮಾಡಿಕೊಂಡು ಹೋಗಿ, ಅಂತಹ ಸುಮಾರು 70 ನಾಯಿಗಳನ್ನು ಕೊಂಡುತಂದನು. 1910ರಲ್ಲಿ ಅವುಗಳ ಒಂದು ತಂಡವನ್ನು ನಡೆಸಿದ ಜಾನ್ ಜಾನ್ಸನ್ 74 ಗಂಟೆ 14 ನಿಮಿಷಗಳಲ್ಲಿ ಗೆದ್ದನು. ಎರಡನೆಯ ಸ್ಥಾನ ರಾಮ್ಸೆಯದೇ. ಆ ದಾಖಲೆ ಮುರಿದದ್ದು 2008ರಲ್ಲಿ, ಪಂದ್ಯದ ನೂರನೆಯ ವರ್ಷದ ನೆನಪಿಗಾಗಿ ಮತ್ತೆ ಓಡಿಸಿದಾಗ.

ನಾರ್ವೆಯಿಂದ ಬಂದು ಅಲ್ಲಿನ ಚಿನ್ನದ ಗಣಿ ಕಂಪನಿಯಲ್ಲಿ ದುಡಿಯುತ್ತಿದ್ದ ಲಿಯೊನಾರ್ಡ್ ಸೆಪ್ಪಾಲ 1914ರಲ್ಲಿ ಮೊದಲ ಬಾರಿಗೆ ಪಂದ್ಯಕ್ಕಿಳಿದನು. ಅವನ ನಾಯಿಗಳು ಎಳೆಯವು. ದಾರಿಯೂ ಅವನಿಗೆ ಹೊಸದು. ಹಿಮದ ಬಿರುಗಾಳಿಯಲ್ಲಿ ದಾರಿ ತಪ್ಪಿ, ಬಂಡಿ ಕಡಲಂಚಿನ ಪ್ರಪಾತದ ಕಡೆಗೆ ಜಾರಹತ್ತಿತು. ಸುಗ್ಗೆನ್ ಎಂಬ ಮುಂದಾಳು ನಾಯಿ ಯಜಮಾನನ ಕೂಗನ್ನು ಕೇಳಿ ಸಾಲನ್ನು ಹಿಂದಕ್ಕೆ ತಿರುಗಿಸದಿದ್ದರೆ, ಸೆಪ್ಪಾಲನ ಹೆಸರು ಅಲ್ಲಿಗೇ ಮುಗಿಯುತ್ತಿದ್ದಿತು. ಪ್ರಾಣವೇನೋ ಉಳಿಯಿತು; ಆದರೆ ನಾಯಿಗಳ ಪಾದಗಳು ಸೀಳಿ ಚಳಿಗೆ ಕೊರೆದುಹೋಗಿದ್ದುವು. ಅವನು ಪಂದ್ಯವನ್ನು ಅಲ್ಲಿಯೇ ಬಿಟ್ಟುಕೊಟ್ಟನು. ಪಣ ಕಟ್ಟಿದವರ ಕಣ್ಣೆದುರಿನಲ್ಲಿ ಹಾಗೆ ಹಿಂದಿರುಗುವುದು ಸುಲಭವೆಂದು ಯಾರೂ ತಿಳಿಯಬಾರದು. ಮುಂದಿನ ಚಳಿಗಾಲದಲ್ಲಿ ಅವನು ಯಾರ ಕಣ್ಣಿಗೂ ಬೀಳದಂತೆ ನಾಯಿಗಳನ್ನು ಪಳಗಿಸಿದನು. 1915ರಲ್ಲಿ ಗೆದ್ದನು, 1916ರಲ್ಲಿ ಗೆದ್ದನು, 1917ರಲ್ಲಿಯೂ ಗೆದ್ದನು. ಅಷ್ಟರಲ್ಲಿ ಚಿನ್ನ ಬತ್ತುತ್ತ ಬಂದಿದ್ದಿತು. ಯೂರೋಪಿನ ಯುದ್ಧವೂ ಸೇರಿ ಪಂದ್ಯ ನಿಂತುಹೋಯಿತು.

1925ರ ಜನವರಿಯಲ್ಲಿ ನೋಮ್‌ನಲ್ಲಿ ಮಕ್ಕಳಿಗೆ ಡಿಫ್ತೀರಿಯ ರೋಗ ತಗಲಿತು. ಊರಿನಲ್ಲಿದ್ದವನು ವೆಲ್ಚ್ ಎಂಬ ಒಬ್ಬನೇ ವೈದ್ಯ. ಅವನ ಬಳಿಯಿದ್ದ ಸೀರಮ್ ಹಳೆಯದು. ಹೊಸ ಸೀರಮ್ ರೈಲಿನಲ್ಲಿ ಬರಬಹುದಾಗಿದ್ದುದು ನೆನಾನ ಎಂಬ ಊರಿನವರೆಗೆ ಮಾತ್ರ. ಅಲ್ಲಿಂದ ನೋಮ್‌ಗೆ 674 ಮೈಲಿ. ಇಪ್ಪತ್ತು ಮಂದಿ ಸಾರಥಿಗಳು ಒಬ್ಬರಿಂದೊಬ್ಬರು ಪಡೆದುಕೊಂಡು, ಐದೂವರೆ ದಿನಗಳಲ್ಲಿ ಅದನ್ನು ಮುಟ್ಟಿಸಿದರು. ಇವರಲ್ಲಿ ಹಲವರು ಆ ನಾಡಿನ ಮೂಲನಿವಾಸಿಗಳು. ಪತ್ರಿಕೆಗಳಲ್ಲಿ ಅವರ ಹೆಸರು ಅಷ್ಟಾಗಿ ಬರಲಿಲ್ಲವೆಂಬುದನ್ನು ಹೇಳದೆ ಬಿಡಲಾರೆವು. ಹೆಪ್ಪುಗಟ್ಟಿದ ನಾರ್ಟನ್ ಕೊಲ್ಲಿಯನ್ನು ದಾಟಿ, ಎಲ್ಲರಿಗಿಂತ ಹೆಚ್ಚು ದೂರ ಅದನ್ನು ಹೊತ್ತವನು ಸೆಪ್ಪಾಲ. ಕಾಲ ಕೆಳಗಣ ಮಂಜುಗಡ್ಡೆ ಯಾವ ಗಳಿಗೆಯಲ್ಲಿ ಒಡೆದು ಕಡಲಿಗೆ ತೇಲಿಹೋಗುವುದೋ ಹೇಳುವಂತಿರಲಿಲ್ಲ. ಕೊನೆಯ ಹಾದಿಯನ್ನು ಕ್ರಮಿಸಿದವನು ಗುನ್ನರ್ ಕಾಸೆನ್. ಅವನು ಬಂದದ್ದು ಟಾಪ್‌ಕಾಕ್ ಬೆಟ್ಟದ ಬಳಿಯಿಂದ, ಹಿಂದೆ ಪಂದ್ಯದ ಬಂಡಿಗಳು ಓಡುತ್ತಿದ್ದ ಅದೇ ಕಡಲಂಚಿನ ದಾರಿಯಲ್ಲಿ, ರಾತ್ರಿಯ ಬಿರುಗಾಳಿಯಲ್ಲಿ. ಫೆಬ್ರವರಿ 2ರ ಬೆಳಗಿನ ಜಾವ ಅವನ ಬಂಡಿ ಊರು ಸೇರಿತು.

ಕಾಸೆನ್ನನ ಸಾಲಿನ ಮುಂದಿದ್ದ ಬಾಲ್ಟೊ ಎಂಬ ನಾಯಿಗೆ ಅದೇ ವರ್ಷ ನ್ಯೂಯಾರ್ಕಿನ ಉದ್ಯಾನದಲ್ಲಿ ಕಂಚಿನ ಪ್ರತಿಮೆಯಾಯಿತು. ಕೊಲ್ಲಿಯ ಮಂಜುಗಡ್ಡೆಯ ಮೇಲೆ ದಾರಿ ಹುಡುಕಿದ ಟೋಗೊಗೆ ಆಗ ಹನ್ನೆರಡು ವರ್ಷ. ನಾಯಿಗೆ ಅದು ಮುಪ್ಪು. 1914ರಲ್ಲಿ ಪ್ರಪಾತದ ಅಂಚಿನಿಂದ ಹಿಂದಿರುಗಿದ ಸುಗ್ಗೆನ್ನನ ಮಗನೇ ಈ ಟೋಗೊ.