ಕಾರನ್ನು ನೆಲಕ್ಕೆಳೆದ ಗಾಳಿ

ರೇಸ್ ಕಾರಿನ ಕಥೆ ವೈದ್ಯನಿಗೇಕೆ ಎನ್ನಬೇಡಿ. 1970ರ ದಶಕದ ಮಧ್ಯದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗಾಳಿಸುರಂಗದಲ್ಲಿ ಲೋಟಸ್ ತಂಡದ ಪೀಟರ್ ರೈಟ್ ಒಂದು ಪುಟ್ಟ ಮಾದರಿ ಕಾರನ್ನು ಪರೀಕ್ಷಿಸುತ್ತಿದ್ದರು. ಗಾಳಿಯ ವೇಗ ಹೆಚ್ಚಿದಂತೆ ಅದರ ಪಕ್ಕದ ಭಾಗಗಳು ನೆಲದತ್ತ ಜಗ್ಗಿದವು. ಮಾದರಿ ಕೆಟ್ಟಿತೆಂದು ಎಸೆಯಲಿಲ್ಲ. ಅಂಚಿಗೆ ರಟ್ಟು ಅಂಟಿಸಿ ಸಂದು ಮುಚ್ಚಿದರು. ನೆಲಕ್ಕೊತ್ತುವ ಬಲ ಇನ್ನೂ ಏರಿತು! ಇಕ್ಕಟ್ಟಿನಲ್ಲಿ ರಭಸವಾಗಿ ಹರಿಯುವ ಗಾಳಿಯ ಒತ್ತಡ ಇಳಿಯುತ್ತದೆ. ನಮ್ಮ ಆಸ್ಪತ್ರೆಯ ವೆಂಚುರಿ ಮಾಸ್ಕಿಗೆ ಹೆಸರು ಕೊಟ್ಟ ವೆಂಚುರಿಯೇ ಇಲ್ಲಿಯೂ ಇದ್ದಾನೆ.

1978ರಲ್ಲಿ ಇಂಥ ಲೋಟಸ್ ಕಾರುಗಳಲ್ಲೇ ಮಾರಿಯೊ ಆಂಡ್ರೆಟ್ಟಿ ವಿಶ್ವ ಚಾಂಪಿಯನ್ ಆದರು. ಆದರೆ ರಸ್ತೆ ಸುರಂಗದ ನೆಲದಂತಲ್ಲ. ಅಂಚಿನ ಜಾರುಪಟ್ಟಿ ಮೇಲೆಯೇ ಸಿಕ್ಕಿಕೊಂಡರೆ ತಿರುವಿನ ನಡುವೆ ಹಿಡಿತ ಥಟ್ಟನೆ ಮಾಯ. ಚಾಲಕನ ಪ್ರಾಣಕ್ಕೇ ಸಂಚಕಾರ. 1981ರಲ್ಲಿ ಜಾರುಪಟ್ಟಿ ನಿಷೇಧವಾಯಿತು. 1983ರಿಂದ ಕಾರಿನ ತಳವೇ ಸಪಾಟಾಗಿರಬೇಕೆಂಬ ನಿಯಮ ಬಂತು.