ಡೇರೆ, ಕ್ರೋಟನ್, ದೊಡ್ಡಪತ್ರೆ: ಕುಂಡದ ಗಿಡಗಳ ಹೆಸರಿನ ಚರಿತ್ರೆ

ಮನೆಯೊಳಗೂ ಜಗಲಿಯ ಮೇಲೂ ಕುಂಡಗಳಲ್ಲಿ ಬೆಳೆಸುವ ಗಿಡಗಳಿಗೆ ಎರಡು ಬಗೆಯ ಹೆಸರುಗಳಿವೆ ಎಂದೂ, ಅವುಗಳಲ್ಲಿ ಒಂದು ಸಸ್ಯಶಾಸ್ತ್ರಜ್ಞರು ಲ್ಯಾಟಿನ್ ರೂಪದಲ್ಲಿ ಕೊಟ್ಟ ಸ್ಥಿರವಾದ ಹೆಸರು, ಇನ್ನೊಂದು ಊರಿನಿಂದ ಊರಿಗೆ ಬೇರೆಯಾಗುವ ರೂಢಿಯ ಹೆಸರು ಎಂದೂ ತೋಟಗಾರಿಕೆಯ ಕೈಪಿಡಿಗಳು ಸಾಮಾನ್ಯವಾಗಿ ಹೇಳುತ್ತವೆ. ಕಳೆದ ಎರಡೂವರೆ ಶತಮಾನಗಳ ಚರಿತ್ರೆಯ ಮುಂದೆ ಈ ವಿಂಗಡಣೆ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ತೋಟಗಾರರು ರೂಢಿಯ ಹೆಸರೆಂದು ಬಳಸುವ ಎಷ್ಟೋ ಪದಗಳು ಒಂದು ಕಾಲದಲ್ಲಿ ಶಾಸ್ತ್ರದ ಅಧಿಕೃತ ಹೆಸರುಗಳೇ ಆಗಿದ್ದು, ಶಾಸ್ತ್ರವು ಅವನ್ನು ಕೈಬಿಟ್ಟ ಮೇಲೂ ನರ್ಸರಿಗಳಲ್ಲಿ, ಹಿತ್ತಿಲುಗಳಲ್ಲಿ, ಮಾಲಿಗಳ ಮಾತಿನಲ್ಲಿ ಉಳಿದುಕೊಂಡಿವೆ. ಈ ಉಳಿಕೆಯನ್ನು ಅಜ್ಞಾನವೆಂದು ಕರೆಯುವ ಬದಲು, ಸಸ್ಯಶಾಸ್ತ್ರದ ಹಳೆಯ ಪದರಗಳನ್ನು ಕಾಪಾಡಿಕೊಂಡು ಬಂದ ಒಂದು ಸಂಗ್ರಹವೆಂದು ನೋಡುವುದು ಹೆಚ್ಚು ನ್ಯಾಯವಾದೀತು.

ಹದಿನೆಂಟನೆಯ ಶತಮಾನದ ನಡುಭಾಗದವರೆಗೆ ಯುರೋಪಿನ ಪಂಡಿತರು ಗಿಡವೊಂದನ್ನು ಗುರುತಿಸುತ್ತಿದ್ದುದು ಲ್ಯಾಟಿನ್ ಭಾಷೆಯ ಒಂದು ವರ್ಣನೆಯಿಂದ. ಎಲೆಯ ಆಕಾರ, ಕಾಂಡದ ಸ್ವಭಾವ, ಹೂವಿನ ಬಣ್ಣ, ಕೆಲವೊಮ್ಮೆ ಅದು ಬಂದ ದೇಶ ಇವನ್ನೆಲ್ಲ ಅಡಕ ಮಾಡಿಕೊಂಡ ಆ ವರ್ಣನೆ, ಅಂಥದೇ ಇನ್ನೊಂದು ಗಿಡ ಸಿಕ್ಕಿದಾಗಲೆಲ್ಲ ಎರಡನ್ನೂ ಬೇರ್ಪಡಿಸುವ ಸಲುವಾಗಿ ಮತ್ತಷ್ಟು ಉದ್ದವಾಗುತ್ತಿತ್ತು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ‘ಸ್ಪೀಶೀಸ್ ಪ್ಲಾಂಟಾರಂ’ ಗ್ರಂಥದಲ್ಲಿ ಸುಮಾರು ಆರು ಸಾವಿರ ಸಸ್ಯಗಳಿಗೆ ಇಂಥ ವರ್ಣನೆಗಳನ್ನೇ ಕೊಟ್ಟನಾದರೂ, ಪುಟದ ಅಂಚಿನಲ್ಲಿ ಪ್ರತಿಯೊಂದಕ್ಕೂ ಒಂದು ಕಿರುಪದವನ್ನು ಸೇರಿಸಿದನು. ಕುಲದ, ಎಂದರೆ ಹತ್ತಿರದ ಸಂಬಂಧವಿರುವ ಗಿಡಗಳ ಗುಂಪಿನ, ಹೆಸರಿನ ಮುಂದೆ ಈ ಕಿರುಪದವನ್ನು ಇಟ್ಟರೆ ಪ್ರಭೇದದ ಹೆಸರಾಗುತ್ತಿತ್ತು. ಇದೇ ದ್ವಿನಾಮ ಪದ್ಧತಿ. ಲಿನೇಯಸ್‌ನ ದೃಷ್ಟಿಯಲ್ಲಿ ವರ್ಣನೆಯೇ ಗಿಡದ ನಿಜವಾದ ಹೆಸರಾಗಿದ್ದು, ಅಂಚಿನ ಪದವು ನೆನಪಿಗೆ ಅನುಕೂಲವಾದ ಸಾಧಾರಣ ಹೆಸರು ಮಾತ್ರವಾಗಿತ್ತು. ಇಂದು ಗಂಭೀರವಾದ ವೈಜ್ಞಾನಿಕ ಹೆಸರೆಂದು ಕರೆಯುವುದು ಹುಟ್ಟಿದ್ದು ಹೀಗೆ, ಬಳಕೆಯ ಸೌಕರ್ಯಕ್ಕಾಗಿ.

ಆ ಹೆಸರುಗಳ ಮೂಲದಲ್ಲಿಯೂ ಆಡುಮಾತು ಸೇರಿಕೊಂಡಿತ್ತು. ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರ ನಡುವೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ‘ಹಾರ್ಟಸ್ ಮಲಬಾರಿಕಸ್’ ಗ್ರಂಥಕ್ಕೆ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೂ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಸ್ಥಳೀಯ ಹೆಸರುಗಳನ್ನೂ ಗುಣಗಳನ್ನೂ ಒದಗಿಸಿದ್ದರು. ಅದರಲ್ಲಿ ದಾಖಲಾಗಿದ್ದ ಬಸೆಲ್ಲಾ ಎಂಬ ಹೆಸರನ್ನು ಲಿನೇಯಸ್ ಕುಲದ ಹೆಸರನ್ನಾಗಿ ಹಾಗೆಯೇ ಎತ್ತಿಕೊಂಡನು. ಕರಾವಳಿಯ ಹಿತ್ತಿಲಿನ ಬಸಳೆ ಚಪ್ಪರದ ಗಿಡಕ್ಕೆ ಶಾಸ್ತ್ರದಲ್ಲಿಯೂ ಬಸಳೆಯೆಂದೇ ಹೆಸರಿರುವುದಕ್ಕೆ ಇದು ಕಾರಣ.

ಹೊಸ ಪದ್ಧತಿಯ ಹೆಸರುಗಳು ವಿದ್ವಾಂಸರ ಕೋಣೆಯಿಂದ ಅಂಗಡಿಗೆ ಇಳಿದದ್ದು ಗಿಡಗಳ ವ್ಯಾಪಾರದ ಮೂಲಕ. ಆಫ್ರಿಕ, ಅಮೆರಿಕ, ಏಷ್ಯಗಳಿಂದ ಬಂದ ಗಿಡಗಳಿಗೆ ಇಂಗ್ಲಿಷಿನಲ್ಲಾಗಲಿ ಫ್ರೆಂಚಿನಲ್ಲಾಗಲಿ ಹೆಸರೇ ಇರಲಿಲ್ಲವಾದ್ದರಿಂದ ನರ್ಸರಿಯವರು ತಮ್ಮ ಪಟ್ಟಿಗಳಲ್ಲಿ ಲ್ಯಾಟಿನ್ ಹೆಸರನ್ನೇ ಅಚ್ಚು ಹಾಕಿಸಿದರು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರ ಹೊತ್ತಿಗೆ ಮುಚ್ಚಿದ ಗಾಜಿನ ಪಾತ್ರೆಯೊಳಗೆ ಗಿಡವು ತನ್ನದೇ ತೇವದಲ್ಲಿ ಬದುಕಬಲ್ಲದೆಂದು ಗಮನಿಸಿ ರೂಪಿಸಿದ ಗಾಜಿನ ಪೆಟ್ಟಿಗೆ, ತಿಂಗಳುಗಟ್ಟಲೆಯ ಹಡಗಿನ ಪಯಣದಲ್ಲಿ ಸಸಿಗಳನ್ನು ಉಪ್ಪುಗಾಳಿಯಿಂದ ಕಾಪಾಡಿತು. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ತೆರಿಗೆಯನ್ನು ರದ್ದು ಮಾಡಿದ ಮೇಲೆ ಮಧ್ಯಮವರ್ಗದ ಮನೆಗಳಿಗೂ ಗಾಜಿನ ಮನೆ ಎಟುಕತೊಡಗಿತು. ಲ್ಯಾಟಿನ್ ಓದದ ಗೃಹಿಣಿಯರೂ ಮಾಲಿಗಳೂ ಲ್ಯಾಟಿನ್ ಪದಗಳನ್ನು ದಿನವೂ ಉಚ್ಚರಿಸುವ ವಿಚಿತ್ರ ಸನ್ನಿವೇಶ ಹೀಗೆ ಉಂಟಾಯಿತು. ಜಾನ್ ಕ್ಲಾಡಿಯಸ್ ಲೌಡನ್ 1830ರ ತನ್ನ ‘ಹಾರ್ಟಸ್ ಬ್ರಿಟಾನಿಕಸ್’ ಪಟ್ಟಿಯಲ್ಲಿ ಪದದ ಯಾವ ಅಕ್ಷರವನ್ನು ಒತ್ತಿ ಹೇಳಬೇಕೆಂಬ ಗುರುತುಗಳನ್ನು ಹಾಕಿದ್ದು ಇಂಥ ಓದುಗರ ಅಗತ್ಯವನ್ನು ಅರಿತೇ.

ಆದರೆ ಅಂಗಡಿಯವರು ಒಂದು ಹೆಸರನ್ನು ಕಲಿತು ರೂಢಿ ಮಾಡಿಕೊಳ್ಳುವಷ್ಟರಲ್ಲಿ ಶಾಸ್ತ್ರವು ಮುಂದೆ ಹೋಗಿರುತ್ತಿತ್ತು. ದಕ್ಷಿಣ ಆಫ್ರಿಕದಿಂದ ಬಂದ, ಕಿಟಕಿಯ ಕುಂಡಗಳಲ್ಲಿ ಕೆಂಪು ಗೊಂಚಲು ಬಿಡುವ ಗಿಡವನ್ನು ಲಿನೇಯಸ್ 1753ರಲ್ಲಿ ಜಿರೇನಿಯಂ ಕುಲದಲ್ಲಿ ಸೇರಿಸಿದ್ದನು. ಫ್ರಾನ್ಸಿನ ಲೆರಿಟಿಯೆ ಎಂಬ ಸಸ್ಯಶಾಸ್ತ್ರಜ್ಞನು ಆ ಹೂವಿನ ದಳಗಳು ಒಂದೇ ಸಮನಾಗಿಲ್ಲದಿರುವುದನ್ನೂ ಹತ್ತು ಕೇಸರಗಳಲ್ಲಿ ಕೆಲವು ಮಾತ್ರ ಪರಾಗ ಕೊಡುವುದನ್ನೂ ಆಧಾರವಾಗಿಟ್ಟು 1789ರಲ್ಲಿ ಅದನ್ನು ಪೆಲಾರ್ಗೋನಿಯಂ ಎಂಬ ಬೇರೆ ಕುಲವನ್ನಾಗಿ ಮಾಡಿದನು. ಈ ತೀರ್ಮಾನವನ್ನು ಸಸ್ಯಶಾಸ್ತ್ರವು ಅಂದಿನಿಂದ ಒಪ್ಪಿಕೊಂಡೇ ಬಂದಿದೆ. ಹಾಗಿದ್ದರೂ ಲಂಡನ್ನಿನಲ್ಲಿಯೂ ಬೆಂಗಳೂರಿನಲ್ಲಿಯೂ ಆ ಗಿಡ ಇಂದಿಗೂ ಜಿರೇನಿಯಂ ಎಂದೇ ಮಾರಾಟವಾಗುತ್ತದೆ. ಮೂವತ್ತಾರು ವರ್ಷಗಳ ಕಾಲ ಶಾಸ್ತ್ರವೇ ಕೊಟ್ಟಿದ್ದ ಹೆಸರು ಎರಡು ಶತಮಾನಗಳಿಗೂ ಮೀರಿ ರೂಢಿಯ ಹೆಸರಾಗಿ ಬಾಳಿದೆ.

ಮನಿ ಪ್ಲಾಂಟ್ ಎಂಬ ಬಳ್ಳಿಯ ಕಥೆ ಇದಕ್ಕಿಂತ ಸಂಕೀರ್ಣವಾದದ್ದು. ಈ ಬಳ್ಳಿಯ ತವರು ದಕ್ಷಿಣ ಪೆಸಿಫಿಕ್ ಸಾಗರದ ಮೊರೆಆ ಎಂಬ ಪುಟ್ಟ ದ್ವೀಪ. ಬೆಲ್ಜಿಯಂನ ನರ್ಸರಿಗಾರ ಲಿಂಡನ್ ಮತ್ತು ಫ್ರೆಂಚ್ ತೋಟಗಾರಿಕಾ ಲೇಖಕ ಆಂದ್ರೆ 1880ರಲ್ಲಿ ಇದನ್ನು ಸಾಲೊಮನ್ ದ್ವೀಪಗಳ ಗಿಡವೆಂದು ಭಾವಿಸಿ ಪೋಥೋಸ್ ಔರಿಯಸ್ ಎಂದು ಹೆಸರಿಸಿದರು. ಪೋಥೋಸ್ ಎಂಬುದು ಸಿಂಹಳ ಭಾಷೆಯ ಪದವೊಂದರಿಂದ ಲಿನೇಯಸ್ ಮಾಡಿಕೊಂಡಿದ್ದ ಕುಲದ ಹೆಸರು. ಆ ಕುಲದ ನಿಜವಾದ ಬಳ್ಳಿಯೊಂದು ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಮರಗಳನ್ನು ಅಪ್ಪಿಕೊಂಡು ಬೆಳೆಯುತ್ತದೆ. ಕೆಸುವಿನ ಕುಟುಂಬಕ್ಕೆ ಸೇರಿದ ಈ ಗಿಡಗಳ ಕುಲವನ್ನು ನಿರ್ಣಯಿಸಲು ಹೂಗೊಂಚಲನ್ನು ಬಿಡಿಸಿ ನೋಡಬೇಕು, ಅಂಡಾಶಯದೊಳಗಿನ ಅಂಡಕಗಳನ್ನು ಎಣಿಸಬೇಕು. ಮನಿ ಪ್ಲಾಂಟ್ ಹೂ ಬಿಡುವುದಾದರೋ ಅತಿ ವಿರಳ. ಹೂಬಿಡಲು ಬೇಕಾದ ಜಿಬ್ಬರೆಲಿನ್ ಎಂಬ ಸಸ್ಯಚೋದಕವನ್ನು ಅದು ಸಾಕಷ್ಟು ತಯಾರಿಸಿಕೊಳ್ಳಲಾರದೆಂದು ಈಚಿನ ಸಂಶೋಧನೆ ತೋರಿಸಿದೆ. ಹೂವಿಲ್ಲದೆ ಎಲೆಯನ್ನೇ ನೋಡಿ ತೀರ್ಮಾನಿಸಬೇಕಾಗಿದ್ದರಿಂದ, ಜರ್ಮನಿಯ ಎಂಗ್ಲರ್ 1908ರಲ್ಲಿ ಅದನ್ನು ಸಿಂಡಾಪ್ಸಸ್ ಕುಲಕ್ಕೆ ಒಯ್ದನು. 1962ರಲ್ಲಿ ಹೂಬಿಟ್ಟ ಬಳ್ಳಿಯೊಂದನ್ನು ಪರೀಕ್ಷಿಸಿದ ಮೇಲೆ ಅದು ರಾಫಿಡೋಫೋರಾ ಆಯಿತು, ಎರಡು ವರ್ಷಗಳೊಳಗೆ ಎಪಿಪ್ರೆಮ್ನಂ ಕುಲಕ್ಕೆ ಬಂದು ಸೇರಿತು, ನಡುವೆ ಅದೇ ಕುಲದ ಇನ್ನೊಂದು ಪ್ರಭೇದದೊಡನೆ ಒಂದಾಗಿ ಮತ್ತೆ ಬೇರೆಯಾಯಿತು. ಅಮೆರಿಕದ ಮನೆಗಳಲ್ಲಿ ಈ ಎಲ್ಲ ಬದಲಾವಣೆಗಳ ನಡುವೆಯೂ 1880ರ ಪೋಥೋಸ್ ಎಂಬ ಹೆಸರೇ ನಿಂತಿತು. ಭಾರತದಲ್ಲಿ ಬಳ್ಳಿಯ ಹೆಸರು ಸಂಪತ್ತಿನೊಡನೆ ಬೆಸೆದುಕೊಂಡು, ಕೇಳದೆ ಕದ್ದು ತಂದು ನೆಟ್ಟರೆ ಮಾತ್ರ ಹಣ ಕೂಡುತ್ತದೆ ಎಂಬ ನಂಬಿಕೆಯೂ ಬೆಳೆಯಿತು. ಕಾಂಡದ ತುಂಡೊಂದು ನೀರಿನ ಬಾಟಲಿಯಲ್ಲಿಯೂ ಬೇರು ಬಿಡುವ ಗಿಡವಾದ್ದರಿಂದ ಅದು ಅಂಗಡಿಯನ್ನಾಗಲಿ ಹೆಸರಿನ ಚೀಟಿಯನ್ನಾಗಲಿ ಕಾಯಲಿಲ್ಲ. ಮನಿ ಪ್ಲಾಂಟ್ ಎಂಬ ಇದೇ ಹೆಸರಿನಿಂದ ಬೇರೆ ದೇಶಗಳಲ್ಲಿ ಇನ್ನೂ ಮೂರು ನಾಲ್ಕು ಸಂಬಂಧವಿಲ್ಲದ ಗಿಡಗಳನ್ನು ಕರೆಯುತ್ತಾರೆಂಬುದು ನಿಜ; ವೈಜ್ಞಾನಿಕ ಹೆಸರು ಬೇಕೆಂಬ ವಾದಕ್ಕೆ ಅತ್ಯಂತ ಬಲವಾದ ಆಧಾರವೂ ಅದೇ.

ಕನ್ನಡ ನಾಡಿಗೆ ಇಂಥ ಹೆಸರುಗಳು ಬಂದ ಮುಖ್ಯ ದಾರಿಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ಒಂದು. ಹೈದರಾಲಿಯ ಕಾಲದಲ್ಲಿ ಆರಂಭವಾದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ ಮೂರು ದಶಕಗಳಿಗೂ ಮೀರಿ ಅದರ ಮೇಲ್ವಿಚಾರಣೆ ನೋಡಿಕೊಂಡ ಜಾನ್ ಕ್ಯಾಮರಾನ್‌ನ ಅವಧಿಯಲ್ಲಿ ಹೊರದೇಶದ ಗಿಡಗಳು ಹೇರಳವಾಗಿ ಬಂದವು, 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತು, ಫಲಪುಷ್ಪ ಪ್ರದರ್ಶನಗಳು ಅಲ್ಲಿ ನೆಲೆಗೊಂಡವು. ಹೊಸದಾಗಿ ಬಂದ ಗಿಡಕ್ಕೆ ಕನ್ನಡವು ಎರಡು ರೀತಿಯಲ್ಲಿ ಹೆಸರು ಮಾಡಿಕೊಂಡಿತು. ತಿನ್ನುವ ವಸ್ತುವಾದರೆ ಪರಿಚಿತವಾದ ಹೆಸರಿಗೆ ‘ಸೀಮೆ’ ಎಂಬ ಪದವನ್ನು ಸೇರಿಸಿ ಸೀಮೆಬದನೆ, ಸೀಮೆಹುಣಸೆ ಎಂದಿತು. ಅಂದಕ್ಕಾಗಿ ಬೆಳೆಸುವ ಗಿಡವಾದರೆ ಹೆಚ್ಚಾಗಿ ಲ್ಯಾಟಿನ್ ಹೆಸರನ್ನೇ ತನ್ನ ನಾಲಿಗೆಗೆ ಒಗ್ಗಿಸಿಕೊಂಡಿತು.

ಹೀಗೆ ಒಗ್ಗಿದ ಹೆಸರುಗಳಲ್ಲಿ ಅತ್ಯಂತ ಸುಂದರವಾದದ್ದು ಡೇರೆ. ಮೆಕ್ಸಿಕೋದ ಈ ಗಿಡಕ್ಕೆ ಸ್ಪೇನಿನ ಕಾವನಿಲ್ಲೆಸ್ 1791ರಲ್ಲಿ, ಲಿನೇಯಸ್‌ನ ಶಿಷ್ಯ ಆಂಡರ್ಸ್ ಡಾಲ್‌ನ ನೆನಪಿಗಾಗಿ ಡಾಲಿಯಾ ಎಂದು ಹೆಸರಿಟ್ಟನು. ಮಳೆಗಾಲದಲ್ಲಿ ಅಂಗಳದ ತುಂಬ ಡೇರೆ ಅರಳಿಸುವ, ಗೆಡ್ಡೆ ಮತ್ತು ಕಡ್ಡಿಗಳನ್ನು ನೆಂಟರಿಷ್ಟರ ನಡುವೆ ಹಂಚಿಕೊಂಡು ಬಣ್ಣಗಳನ್ನು ಉಳಿಸಿಕೊಂಡು ಬಂದ ಮಲೆನಾಡಿನ ಹೆಣ್ಣುಮಕ್ಕಳಿಗೆ ಡಾಲ್ ಯಾರೆಂದು ತಿಳಿಯಬೇಕಾದ ಅಗತ್ಯ ಎಂದೂ ಬೀಳಲಿಲ್ಲ. ಸ್ವೀಡನ್ನಿನ ಒಬ್ಬ ವಿದ್ವಾಂಸನ ಹೆಸರು ಅವರ ಬಾಯಲ್ಲಿ ಅಚ್ಚ ಕನ್ನಡದ ಹೂವಿನ ಹೆಸರಾಯಿತು. ಇದೇ ಗಿಡಕ್ಕೆ ಬರ್ಲಿನ್ನಿನ ವಿಲ್ಡೆನೋ 1803ರಲ್ಲಿ, ಡಾಲಿಯಾ ಎಂಬ ಹೆಸರು ಬೇರೊಂದು ಗಿಡಕ್ಕೂ ಬಳಕೆಯಾಗಿದೆಯೆಂಬ ಕಾರಣದಿಂದ, ರಷ್ಯದಲ್ಲಿ ಕೆಲಸ ಮಾಡಿದ್ದ ಗೆಯಾರ್ಗಿ ಎಂಬ ವಿಜ್ಞಾನಿಯ ಸ್ಮರಣೆಗೆ ಗೆಯಾರ್ಗಿನಾ ಎಂಬ ಹೊಸ ಹೆಸರನ್ನು ಕೊಟ್ಟಿದ್ದನು. ಶಾಸ್ತ್ರವು ಅದನ್ನು ತಿರಸ್ಕರಿಸಿ ಹಳೆಯದನ್ನೇ ಉಳಿಸಿಕೊಂಡಿತು, ಆದರೆ ರಷ್ಯನ್ ಭಾಷೆಯ ಜನ ಆ ಹೂವನ್ನು ಇಂದಿಗೂ ಗಿಯೊರ್ಗಿನ್ ಎನ್ನುತ್ತಾರೆ.

ಕ್ರೋಟನ್ ವಿಷಯದಲ್ಲಿ ಹೆಸರಿನ ತೊಡಕು ಸ್ವಲ್ಪ ಎಚ್ಚರಿಕೆ ಬೇಡುವಂಥದು. ಬಣ್ಣಬಣ್ಣದ ಎಲೆಯ ಈ ಗಿಡವನ್ನು ಇಂಡೊನೇಷ್ಯದ ಅಂಬಾನ್ ದ್ವೀಪದಲ್ಲಿ ನೆಲೆಸಿ, ಕಣ್ಣು ಕಳೆದುಕೊಂಡ ಮೇಲೂ ಅಲ್ಲಿನ ಸಸ್ಯಗಳ ಬಗ್ಗೆ ಬರೆಸುವುದನ್ನು ನಿಲ್ಲಿಸದ ರಂಫಿಯಸ್ ಎಂಬ ವಿದ್ವಾಂಸನು ಆ ದ್ವೀಪಗಳ ಆಡುಮಾತಿನ ಹೆಸರನ್ನೇ ಅನುಸರಿಸಿ ಕೋಡಿಯೇಯಂ ಎಂದು ದಾಖಲಿಸಿದ್ದನು. ಲಿನೇಯಸ್ ಅದನ್ನು ಕ್ರೋಟನ್ ಕುಲಕ್ಕೆ ಸೇರಿಸಿದನು. 1824ರಲ್ಲಿ ಶಾಸ್ತ್ರವು ರಂಫಿಯಸ್‌ನ ಹೆಸರಿಗೇ ಮರಳಿತು. ಕನ್ನಡನಾಡಿನ ಶಾಲೆಯ ಅಂಗಳ, ಕಚೇರಿಯ ಮೆಟ್ಟಿಲು, ಮದುವೆ ಮಂಟಪಗಳ ಅಲಂಕಾರದ ಗಿಡ ಮಾತ್ರ ಕ್ರೋಟನ್ ಆಗಿಯೇ ಉಳಿಯಿತು. ಇಂದಿನ ಶಾಸ್ತ್ರದ ಪ್ರಕಾರ ನಿಜವಾದ ಕ್ರೋಟನ್ ಕುಲಕ್ಕೆ ಸೇರುವುದು, ಬೀಜದಿಂದ ತೀವ್ರವಾದ ಭೇದಿಯನ್ನುಂಟುಮಾಡುವ ಜಾಪಾಳ.

ಹೆಸರುಗಳು ಹೀಗೆ ಬದಲಾಗಲು ಎರಡು ಬೇರೆ ಕಾರಣಗಳಿವೆ. ಗಿಡಗಳ ಸಂಬಂಧದ ತಿಳಿವಳಿಕೆ ಹೆಚ್ಚಿದಾಗ ಕುಲ ಬದಲಾಗುವುದು ಒಂದು. ಇನ್ನೊಂದು ನಿಯಮಕ್ಕೆ ಸಂಬಂಧಿಸಿದ್ದು: 1867ರಲ್ಲಿ ಪ್ಯಾರಿಸ್‌ನಲ್ಲಿ ಅಲ್ಫಾನ್ಸ್ ಡಿ ಕಾಂಡೋಲ್ ಮಂಡಿಸಿದ ನಿಯಮಾವಳಿಯಿಂದ ಬೆಳೆದು ಬಂದ ಅಂತರರಾಷ್ಟ್ರೀಯ ಸಂಹಿತೆಯಂತೆ, ಒಂದೇ ಗಿಡಕ್ಕೆ ಎರಡು ಹೆಸರಿದ್ದರೆ ಮೊದಲು ಪ್ರಕಟವಾದದ್ದೇ ಸಿಂಧು. ಲಿನೇಯಸ್ 1767ರಲ್ಲಿ ತುಳಸಿಗೆ ಕೊಟ್ಟ, ಪವಿತ್ರ ಎಂಬ ಅರ್ಥದ ಆಸಿಮಂ ಸ್ಯಾಂಕ್ಟಂ ಎಂಬ ಹೆಸರು, ಅವನೇ 1753ರಲ್ಲಿ ಕೊಟ್ಟಿದ್ದ ಆಸಿಮಂ ಟೆನ್ಯುಯಿಫ್ಲೋರಂ ಎಂಬುದರ ಮುಂದೆ ಬಿದ್ದುಹೋದದ್ದು ಈ ನಿಯಮದಿಂದ. ಬೃಂದಾವನದ ಮುಂದೆ ದೀಪ ಹಚ್ಚುವವರಿಗೆ ಇದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ.

ರೂಢಿಯ ಹೆಸರಿಗೂ ಇಂಥದೇ ಶಿಸ್ತು ತರುವ ಪ್ರಯತ್ನವೊಂದು ಅಮೆರಿಕದಲ್ಲಿ ನಡೆಯಿತು. ಗಿಡ ವ್ಯಾಪಾರಿಗಳ ಅನುಕೂಲಕ್ಕಾಗಿ ಪ್ರತಿ ಗಿಡಕ್ಕೂ ಒಂದೇ ಒಂದು ಇಂಗ್ಲಿಷ್ ಹೆಸರನ್ನು ಗೊತ್ತುಪಡಿಸಿದ ದೊಡ್ಡ ಕೋಶವೊಂದು 1923ರಲ್ಲಿ ಹೊರಬಂದು 1942ರಲ್ಲಿ ಪರಿಷ್ಕಾರಗೊಂಡಿತು. ಮೇಜಿನ ಮುಂದೆ ಕುಳಿತು ಮಾಡಿದ ಹೆಸರು ಜನರ ಬಾಯಿಗೆ ಏರುವುದು ಕಷ್ಟ. ಜಿರೇನಿಯಂ, ಡೇರೆಗಳಿಗೆ ದೊರೆತ ಬದುಕು ಅದರಲ್ಲಿನ ಬಹುಪಾಲು ಹೆಸರುಗಳಿಗೆ ದೊರೆಯಲಿಲ್ಲ.

ತೋಟಗಾರರ ಮಾತು ಶಾಸ್ತ್ರದ ನಿರ್ಧಾರವನ್ನೇ ತಿರುಗಿಸಿದ ಉದಾಹರಣೆಯೂ ಇದೆ. 1961ರಲ್ಲಿ ರಷ್ಯದ ತ್ಸ್ವೆಲೆವ್ ಹೂವಿನ ಅಂಗಡಿಗಳ ಸೇವಂತಿಗೆಯನ್ನು ಕ್ರೈಸಾಂಥೆಮಂ ಕುಲದಿಂದ ತೆಗೆದು ಡೆಂಡ್ರಾಂಥೆಮಾ ಕುಲಕ್ಕೆ ಸೇರಿಸಿದನು. ಶಾಸ್ತ್ರದ ದೃಷ್ಟಿಯಿಂದ ಇದು ಸಕಾರಣವಾಗಿತ್ತಾದರೂ, ಜಗತ್ತಿನಾದ್ಯಂತ ಒಂದು ದೊಡ್ಡ ಉದ್ಯಮವೇ ಹಳೆಯ ಹೆಸರಿನ ಮೇಲೆ ನಿಂತಿದ್ದುದರಿಂದ ಬೆಳೆಗಾರರ ಅಸಮಾಧಾನ ತಣ್ಣಗಾಗಲಿಲ್ಲ. ಕೊನೆಗೆ ಕುಲದ ಮಾದರಿ ಪ್ರಭೇದವನ್ನು, ಎಂದರೆ ಕುಲದ ಹೆಸರು ಯಾವ ಗಿಡಕ್ಕೆ ಶಾಶ್ವತವಾಗಿ ಅಂಟಿಕೊಂಡಿರುತ್ತದೆಯೋ ಆ ಗಿಡವನ್ನು, ಬದಲಾಯಿಸಿ ಸೇವಂತಿಗೆಗೆ ಕ್ರೈಸಾಂಥೆಮಂ ಎಂಬ ಹೆಸರನ್ನು ಮರಳಿಸಲಾಯಿತು. 1999ರ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ ಇದನ್ನು ಸ್ಥಿರಪಡಿಸಿತು.

ದೊಡ್ಡಪತ್ರೆಯ ಹೆಸರು ಬೇರೆ ದಾರಿಯಿಂದ ಹಿಂದಿರುಗಿತು. ಕೆಲವೆಡೆ ಸಾಂಬಾರ ಸೊಪ್ಪು, ಕರ್ಪೂರವಳ್ಳಿ ಎಂದೂ ಕರೆಯಿಸಿಕೊಳ್ಳುವ, ತಂಬುಳಿಗೂ ಮಕ್ಕಳ ಕೆಮ್ಮಿಗೂ ಒದಗುವ ಈ ಗಿಡ ಕನ್ನಡಿಗರ ಕುಂಡಗಳಲ್ಲಿ ತುಳಸಿಯಷ್ಟೇ ಸಾಮಾನ್ಯವಾದದ್ದು. ಮೂಲತಃ ಆಫ್ರಿಕದ ಇದನ್ನು ಇಂಗ್ಲಿಷಿನಲ್ಲಿ ಕ್ಯೂಬಾ, ಮೆಕ್ಸಿಕೋ, ಸ್ಪೇನ್, ಭಾರತಗಳ ಹೆಸರು ಹಚ್ಚಿ ಕರೆಯುತ್ತಾರೆ. ಪೋರ್ಚುಗೀಸ್ ಪಾದ್ರಿ ಲೊರೇರೊ 1790ರಲ್ಲಿ ಇದಕ್ಕೆ ಅಂಬಾನ್ ದ್ವೀಪದ ಹೆಸರು ಸೇರಿಸಿ ಕೋಲಿಯಸ್ ಅಂಬೊಯ್ನಿಕಸ್ ಎಂದು ಹೆಸರಿಟ್ಟನು. ಕೋಲಿಯಸ್ ಕುಲವನ್ನು ಅವನು ಸ್ಥಾಪಿಸಿದ್ದೇ ಈ ಗಿಡದ ಆಧಾರದ ಮೇಲೆ, ಅದರ ಕೇಸರಗಳು ಬುಡದಲ್ಲಿ ಒರೆಯಂತೆ ಕೂಡಿಕೊಂಡಿರುವುದನ್ನು ಕಂಡು. 1825ರಲ್ಲಿ ಶ್ಪ್ರೆಂಗೆಲ್ ಅದನ್ನು, ಜಿರೇನಿಯಂ ಕುಲವನ್ನು ಒಡೆದ ಲೆರಿಟಿಯೆಯೇ ಹಿಂದೆ ಸ್ಥಾಪಿಸಿದ್ದ ಪ್ಲೆಕ್ಟ್ರಾಂಥಸ್ ಕುಲಕ್ಕೆ ವರ್ಗಾಯಿಸಿದನು. ಕೆಂಪು, ನೇರಳೆ ಎಲೆಗಳ ಅಲಂಕಾರದ ಕೋಲಿಯಸ್ ಕೂಡ ಕಾಲಾನಂತರದಲ್ಲಿ ಸೊಲೆನೋಸ್ಟೆಮನ್ ಎಂದೂ ಪ್ಲೆಕ್ಟ್ರಾಂಥಸ್ ಎಂದೂ ಹೆಸರು ಬದಲಿಸಿತು. ನರ್ಸರಿಯವರು ಮಾತ್ರ ಅದನ್ನು ಕೋಲಿಯಸ್ ಎನ್ನುವುದನ್ನು ಬಿಡಲಿಲ್ಲ. ಡಿಎನ್‌ಎ ಅಧ್ಯಯನಗಳು ಪ್ಲೆಕ್ಟ್ರಾಂಥಸ್ ಎಂಬ ಗುಂಪಿನೊಳಗೆ ಹಲವು ಬೇರೆ ವಂಶಗಳು ಬೆರೆತಿರುವುದನ್ನು ತೋರಿಸಿದ ಮೇಲೆ, 2019ರಲ್ಲಿ ಪ್ರಕಟವಾದ ಪರಿಷ್ಕರಣೆಯು ಈ ಎರಡು ಗಿಡಗಳನ್ನೂ ಇನ್ನೂ ನೂರಾರು ಪ್ರಭೇದಗಳನ್ನೂ ಕೋಲಿಯಸ್ ಕುಲಕ್ಕೆ ಹಿಂದಿರುಗಿಸಿತು. ಅಂಗಡಿಯ ಚೀಟಿಯೂ ಸಸ್ಯಶಾಸ್ತ್ರವೂ ಈ ಒಂದು ಹೆಸರಿನಲ್ಲಿ ಈಗ ಒಂದಾಗಿವೆ, ಮತ್ತು ಅಲಂಕಾರದ ಕೋಲಿಯಸ್‌ಗೆ ಆ ಹೆಸರಿನ ಹಕ್ಕು ಸಿಗುವುದು ಜಗಲಿಯ ದೊಡ್ಡಪತ್ರೆಯೊಂದಿಗಿನ ಸಂಬಂಧದ ಮೂಲಕ.