ಒಕ್ಕಣೆ ಕಲಿಸಿದ ಜಗುಲಿ

1822ನೆಯ ಇಸವಿಯಲ್ಲಿ ಮದರಾಸು ಪ್ರಾಂತದ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ, ತನ್ನ ಅಧಿಕಾರಕ್ಕೊಳಪಟ್ಟ ಜಿಲ್ಲೆಗಳಲ್ಲಿ ದೇಶೀಯ ಪಾಠಶಾಲೆಗಳು ಎಷ್ಟಿವೆ, ಅವುಗಳಲ್ಲಿ ಯಾರು ಏನನ್ನು ಕಲಿಯುತ್ತಾರೆ ಎಂಬುದನ್ನು ವಿಚಾರಿಸಿ ತಿಳಿಸಬೇಕೆಂದು ಕಲೆಕ್ಟರುಗಳಿಗೆಲ್ಲ ಅಪ್ಪಣೆ ಮಾಡಿದನು. ಹಲವರು ಕೋಷ್ಟಕಗಳನ್ನು ತುಂಬಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರನಾಗಿದ್ದ ಅಲೆಗ್ಸಾಂಡರ್ ಡಂಕನ್ ಕ್ಯಾಂಬೆಲ್ಲನಾದರೋ, ತೆಲುಗು ಭಾಷೆಗೆ ವ್ಯಾಕರಣವನ್ನು ರಚಿಸಿ 1816ರಲ್ಲಿ ಅಚ್ಚುಹಾಕಿಸಿದ್ದ ಭಾಷಾಪ್ರಿಯನಾದುದರಿಂದಲೋ ಏನೋ, ಮಕ್ಕಳು ಬೆಳಗಿನ ಆರು ಗಂಟೆಗೆ ಮಠಕ್ಕೆ, ಎಂದರೆ ಊರಿನ ಪಾಠಶಾಲೆಗೆ, ಬಂದು ಸೇರುವಲ್ಲಿಂದ ಮೊದಲುಮಾಡಿ ಅವರು ಹಿಡಿಯುವ ಬಳಪದವರೆಗೆ ಎಲ್ಲವನ್ನೂ ವಿವರಿಸಿ, 1823ನೆಯ ಆಗಸ್ಟ್ ತಿಂಗಳಲ್ಲಿ ದೀರ್ಘವಾದ ಒಂದು ವರದಿಯನ್ನು ಕಳುಹಿಸಿದನು. ವ್ಯವಹಾರದ ಪತ್ರವನ್ನು ಬರೆಯುವುದನ್ನೂ, ಬಂದ ಪತ್ರವನ್ನು ಓದಿ ಹೇಳುವುದನ್ನೂ ಕನ್ನಡನಾಡಿನ ಹಿಂದಿನವರು ಹೇಗೆ ಅಭ್ಯಾಸಮಾಡುತ್ತಿದ್ದರೆಂದು ತಿಳಿಯಬಯಸುವವರಿಗೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯವು ಸುಲಭವಾಗಿ ದೊರೆಯದು.

ಆ ಜಿಲ್ಲೆಯಲ್ಲಿ ಅಂದು 533 ಶಾಲೆಗಳಿದ್ದುವು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಮರಾಠಿಗೆ 23, ಸಂಸ್ಕೃತಕ್ಕೆ 23, ಪಾರಸಿಗೆ 21, ತಮಿಳಿಗೆ ನಾಲ್ಕು, ಇಂಗ್ಲಿಷಿಗೆ ಒಂದೇ ಒಂದು. ಬಳ್ಳಾರಿ ಸೀಮೆಯಲ್ಲಿ ಪಾರಸಿಗೂ ಮರಾಠಿಗೂ ಅಷ್ಟು ಶಾಲೆಗಳೇಕೆಂದು ಯಾರಾದರೂ ಆಶ್ಚರ್ಯಪಟ್ಟರೆ, ಅವು ಕಚೇರಿಯ ಅನ್ನದ ಭಾಷೆಗಳಾಗಿದ್ದುವೆಂಬುದನ್ನು ನೆನೆಯಬೇಕು. ವಿದ್ಯಾರ್ಥಿಗಳು ಒಟ್ಟು 6,641. ಇವರಲ್ಲಿ ಹಿಂದೂ ಹೆಣ್ಣುಮಕ್ಕಳು ಕೇವಲ 60 ಮಂದಿ, ಬ್ರಾಹ್ಮಣರ ಹುಡುಗರು 1,185, ವೈಶ್ಯರವರು 981. ಉಳಿದವರಲ್ಲಿ ನಾಲ್ಕು ಸಾವಿರಕ್ಕೂ ಮೇಲ್ಪಟ್ಟವರು ಶೂದ್ರರೆಂದೂ ಇತರ ಜಾತಿಗಳವರೆಂದೂ ಗಣಿತರಾದವರ ಮನೆಯ ಹುಡುಗರು. ಅಕ್ಷರವಿದ್ಯೆಯು ಶಾಸ್ತ್ರಾಧ್ಯಯನಕ್ಕಾಗಿಯೇ ಇದ್ದಿತೆಂಬ ನಮ್ಮ ರೂಢಿಯ ಕಲ್ಪನೆಯು ಈ ಅಂಕೆಗಳ ಮುಂದೆ ನಿಲ್ಲಲಾರದು. ಲೆಕ್ಕ ಬರೆಯುವುದಕ್ಕೂ, ಕರಾರು ಮಾಡಿಕೊಳ್ಳುವುದಕ್ಕೂ, ದೂರದ ಪೇಟೆಯಿಂದ ಬಂದ ಕಾಗದವನ್ನು ಅನ್ಯರ ಹಂಗಿಲ್ಲದೆ ಓದಿಕೊಳ್ಳುವುದಕ್ಕೂ ಬೇಕಾದ ಅಕ್ಷರವನ್ನು ಹುಡುಕಿಕೊಂಡು ಬಂದವರೇ ಆ ಶಾಲೆಗಳ ಜಗುಲಿಗಳನ್ನು ತುಂಬಿದ್ದರು.

ಮಠದ ದಿನಚರಿಯನ್ನು ಕುರಿತು ಕ್ಯಾಂಬೆಲ್ಲನು ಕೊಟ್ಟಿರುವ ವಿವರಗಳಲ್ಲಿ ಒಂದು ಬಹು ಸ್ವಾರಸ್ಯವಾದುದು. ಮುಂಜಾನೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಕೈಯಲ್ಲಿ, ಅವನು ಸ್ತುತಿಗೂ ಅರ್ಹನಲ್ಲ ನಿಂದೆಗೂ ಅರ್ಹನಲ್ಲ ಎಂಬುದರ ಗುರುತಾಗಿ, ಸೊನ್ನೆ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ತಡವಾದಷ್ಟೂ ಏರುತ್ತ ಹೋಗುವುದು. ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದಿದ ಹುಡುಗನು ಮುಂದೆ ಹಲಗೆಗೋ ಕಡತಕ್ಕೋ ಏರುತ್ತಿದ್ದನು. ಗಂಜಿಯಿಂದ ಗಡುಸುಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಕೆಗಳಾಗಿ ಮಡಚಿ, ಇದ್ದಲು ಅಂಟುಗಳ ಲೇಪವನ್ನು ಬಳಿದರೆ ಕಡತವಾಯಿತು. ಬಳಪದಿಂದ ಬರೆದುದನ್ನು ಒದ್ದೆ ಬಟ್ಟೆಯಿಂದ ಒರಸಿಬಿಡಬಹುದು. ಇದು ಮಕ್ಕಳ ಆಟಿಕೆಯಲ್ಲ. 1443ರಲ್ಲಿ ವಿಜಯನಗರಕ್ಕೆ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು ಇಲ್ಲಿಯವರ ಎರಡು ವಿಧದ ಬರವಣಿಗೆಯನ್ನು ಕಂಡು, ಓಲೆಯ ಮೇಲಿನದಕ್ಕಿಂತ ಕಪ್ಪುಬಳಿದ ಹಾಸಿನ ಮೇಲೆ ಮೃದುವಾದ ಕಲ್ಲಿನಿಂದ ಬರೆಯುವ ಬಿಳಿಯಕ್ಷರಕ್ಕೇ ಹೆಚ್ಚು ಮನ್ನಣೆಯೆಂದು ಬರೆದಿಟ್ಟಿದ್ದಾನೆ. ವರ್ತಕರ ಲೆಕ್ಕವೂ ಶೃಂಗೇರಿಯಂಥ ಧರ್ಮಪೀಠಗಳ ದಾಖಲೆಯೂ ಕಡತಗಳಲ್ಲಿಯೇ ನಡೆಯುತ್ತಿದ್ದುವು. ಎಂದರೆ, ಹುಡುಗನು ಮುಂದೆ ಅಂಗಡಿಯಲ್ಲೋ ಚಾವಡಿಯಲ್ಲೋ ಹಿಡಿಯಬೇಕಾದ ಸಾಧನವನ್ನೇ ಮಠದಲ್ಲಿಯೂ ಹಿಡಿಯುತ್ತಿದ್ದನು.

ಇನ್ನು ಪಾಠದ ಸಾರಕ್ಕೆ ಬರೋಣ. ಅಕ್ಷರಗಳು ಕೈಗೆ ಹತ್ತಿದ ಮೇಲೆ ಉಪಾಧ್ಯಾಯನು ಊರಿನಲ್ಲಿ ಅಲ್ಲಲ್ಲಿಂದ ಸಂಪಾದಿಸಿ ತಂದ ಸರಕಾರಿ ಕಾಗದಗಳನ್ನೂ ಖಾಸಗಿ ಪತ್ರಗಳನ್ನೂ ಹುಡುಗರ ಮುಂದಿಡುತ್ತಿದ್ದನು. ಬಗೆಬಗೆಯ ಕೈಬರಹಗಳನ್ನು ಓದುವುದೇ ಇಲ್ಲಿಯ ಅಭ್ಯಾಸ. ಶಾನುಭೋಗನ ಅವಸರದ ಗೀಚು, ಮುದುಕನ ನಡುಗುವ ಕೈ, ಪದಗಳ ನಡುವೆ ಎಡೆಬಿಡದೆ ಓಡುವ ಗುಮಾಸ್ತನ ಸಾಲು ಇವುಗಳ ಮುಂದೆ ತಡವರಿಸದೆ ಓದಬಲ್ಲವನಿಗೆ ಮಾತ್ರ ಅಕ್ಷರ ಬಂದಿತೆಂದು ಅರ್ಥ. ತರುವಾಯ ಸಾಮಾನ್ಯವಾದ ಪತ್ರಗಳನ್ನು ಬರೆಯುವುದು, ಕರಾರುಪತ್ರಗಳ ಮಾದರಿಗಳನ್ನು ರಚಿಸುವುದು. ಇವುಗಳೊಡನೆ ಕಥೆಗಳನ್ನು ಓದಿಸಿ ಪದ್ಯಗಳನ್ನು ಕಂಠಪಾಠ ಮಾಡಿಸುತ್ತಿದ್ದರು. ಅದರ ಮುಖ್ಯವಾದ ಉದ್ದೇಶ ಉಚ್ಚಾರಣೆಯ ಸ್ಪಷ್ಟತೆ, ಯಾವ ಬರಹವನ್ನು ಕೊಟ್ಟರೂ ಸರಾಗವಾಗಿಯೂ ತಪ್ಪಿಲ್ಲದೆಯೂ ಓದುವ ಸಿದ್ಧತೆ ಎಂದು ಕ್ಯಾಂಬೆಲ್ಲನು ಹೇಳುತ್ತಾನೆ. ಪತ್ರವೆಂಬುದು ಕೇಳುವವರ ಮುಂದೆ ಗಟ್ಟಿಯಾಗಿ ಓದಲ್ಪಡುತ್ತಿದ್ದ ಕಾಲದಲ್ಲಿ ಓದುಗಾರನ ನಾಲಿಗೆಯೂ ಪತ್ರದ ಒಂದು ಭಾಗವೇ ಆಗಿದ್ದಿತು. ಬರೆದವನು ಎಷ್ಟು ನಿಪುಣನಾದರೂ ಓದುವವನು ತೊದಲಿದರೆ ವ್ಯವಹಾರವು ಕೆಡುತ್ತಿದ್ದಿತು.

ಬರವಣಿಗೆಯ ಭಾಗದಲ್ಲಿ ಪ್ರಧಾನವಾದುದು ಒಕ್ಕಣೆ. ತಂದೆಗಾದರೆ ತೀರ್ಥರೂಪರೆಂದೂ, ತಾಯಿಗಾದರೆ ಮಾತೃಶ್ರೀಯೆಂದೂ, ಕಿರಿಯನಿಗೆ ಚಿರಂಜೀವಿಯೆಂದೂ ತೊಡಗಿ, ಉಭಯ ಕುಶಲೋಪರಿ ಸಾಂಪ್ರತವನ್ನು ಹೇಳಿಯಲ್ಲದೆ ವಿಷಯಕ್ಕೆ ಕಾಲಿಡುವಂತಿರಲಿಲ್ಲ. ಕೆಳಗಿನಿಂದ ಮೇಲಕ್ಕೆ ಹೋಗುವುದು ಬಿನ್ನವತ್ತಳೆ, ಮೇಲಿನಿಂದ ಕೆಳಕ್ಕೆ ಬರುವುದು ನಿರೂಪ ಅಥವಾ ತಾಕೀದು. ಒಂದರ ಮಾತು ಇನ್ನೊಂದರಲ್ಲಿ ನುಸುಳಿದರೆ ಅದು ಕೇವಲ ಭಾಷಾದೋಷವಲ್ಲ, ಅವಿನಯವೂ ಆಗುತ್ತಿದ್ದಿತು. ಈ ಪದ್ಧತಿಯನ್ನು ಹೊಗಳುವುದರಲ್ಲಿ ನಾವು ಮೈಮರೆಯಬೇಕಾಗಿಲ್ಲ. ಗೌರವಪದಗಳ ಮೆರವಣಿಗೆಯ ಹಿಂದೆ ಎರಡೇ ಸಾಲಿನ ವಿಷಯವು ಹೆದರಿಕೊಂಡು ಬರುವ ಹಳೆಯ ಅರ್ಜಿಗಳನ್ನು ಓದಿದವರಿಗೆ ಅದರ ತೊಡಕು ತಿಳಿದೇ ಇದೆ. ಆದರೂ ಬರೆಯುವವನು ಯಾರಿಗೆ ಬರೆಯುತ್ತಿದ್ದೇನೆಂಬುದನ್ನು ಮೊದಲ ಅಕ್ಷರಕ್ಕೆ ಮುಂಚೆಯೇ ನಿಶ್ಚಯಿಸಿಕೊಳ್ಳಬೇಕಾಗಿದ್ದಿತು. ಇಂದಿನ ವಾಣಿಜ್ಯಪತ್ರದ ಪಾಠಗಳು ಹಲವು ಅಧ್ಯಾಯಗಳಲ್ಲಿ ಹೇಳುವುದೂ ಬಹಳಮಟ್ಟಿಗೆ ಇದನ್ನೇ.

ಕ್ಯಾಂಬೆಲ್ಲನು ದೋಷಗಳನ್ನು ಮರೆಮಾಚಿದವನಲ್ಲ. ಆಡುಮಾತಿಗೆ ದೂರವಾದ ಹಳೆಯ ಭಾಷೆಯ ಕಾವ್ಯಗಳನ್ನು ಹುಡುಗರು ಅರ್ಥವರಿಯದೆ ಉರುಹಚ್ಚುತ್ತಾರೆಂದು ಅವನು ಆಕ್ಷೇಪಿಸುತ್ತಾನೆ, ಆಕ್ಷೇಪವು ನ್ಯಾಯವಾದುದೇ. ಇದಕ್ಕಿಂತ ಗಂಭೀರವಾದುದು ಅವನು ಕಂಡ ಅವನತಿ. ಹಿಂದೆ ಶಾಲೆಗಳಿದ್ದ ಅನೇಕ ಗ್ರಾಮಗಳಲ್ಲಿ ಈಗ ಇಲ್ಲವೆಂದೂ, ವಿಲಾಯತಿಯ ಬಟ್ಟೆ ಬಂದು ಇಲ್ಲಿಯ ನೆಯ್ಗೆಯವರ ಸಂಪಾದನೆ ಕುಗ್ಗಿದುದು ಇದಕ್ಕೆ ಒಂದು ಕಾರಣವೆಂದೂ ಈಸ್ಟ್ ಇಂಡಿಯಾ ಕಂಪೆನಿಯ ಸೇವಕನೇ ಬರೆದುದು ಗಮನಾರ್ಹ.

ಅದೇ ಕಾಲದಲ್ಲಿ ಪಾಠವು ವಿರುದ್ಧ ದಿಕ್ಕಿನಲ್ಲಿಯೂ ನಡೆಯುತ್ತಿದ್ದಿತು. 1812ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ, ಹೊಸದಾಗಿ ಹಡಗಿನಿಂದಿಳಿದ ಇಂಗ್ಲಿಷ್ ತರುಣರು ಮುನ್ಷಿಗಳ ಮುಂದೆ ಕುಳಿತು ದೇಶಭಾಷೆಗಳನ್ನು ಕಲಿಯಬೇಕಾಗಿದ್ದಿತು. ಅರ್ಜಿಯನ್ನು ತಾನೇ ಓದಲಾರದ ಅಧಿಕಾರಿಯು ಶಿರಸ್ತೇದಾರನ ಬಾಯಿಂದ ಬಂದುದನ್ನೇ ನಂಬಬೇಕಲ್ಲವೆ? ಕೃಷ್ಣಮಾಚಾರ್ಯರ ಹೊಸಗನ್ನಡ ನುಡಿಗನ್ನಡಿ ಎಂಬ ವ್ಯಾಕರಣವು 1838ರಲ್ಲಿ ಹೊರಬಂದುದು ಈ ಅಗತ್ಯದ ನೆರಳಿನಲ್ಲಿಯೇ.

ಮೈಸೂರಿನ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಚಿಕದೇವರಾಜ ಒಡೆಯರು ಅಂಚೆಯನ್ನೂ ಹದಿನೆಂಟು ಕಚೇರಿಗಳನ್ನೂ ಏರ್ಪಡಿಸಿದರು. ಹದಿನೆಂಟೆಂಬ ಆ ಹೆಸರನ್ನೇ ಹೊತ್ತ ಅಠಾರಾ ಕಚೇರಿಯ ಕೆಂಪು ಕಟ್ಟಡವು ಬೆಂಗಳೂರಿನಲ್ಲಿ ಮುಗಿದುದು 1868ರಲ್ಲಿ. ಅದರೊಳಗೆ ಬೆಳೆದ ಗುಮಾಸ್ತರ ಪೀಳಿಗೆಗೆ ಇಂಗ್ಲಿಷ್ ಡ್ರಾಫ್ಟೇ ಪರಮವಿದ್ಯೆ. ತೀರ್ಥರೂಪರ ಸ್ಥಾನದಲ್ಲಿ ಐ ಹ್ಯಾವ್ ದಿ ಆನರ್ ಬಂದು ಕುಳಿತಿತು. ವಿನಯವು ಭಾಷೆಯನ್ನು ಬದಲಾಯಿಸಿತೇ ಹೊರತು ಉದ್ದದಲ್ಲಿ ಕಡಮೆಯಾಗಲಿಲ್ಲ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1913ರ ಮೈಸೂರು ಬ್ಯಾಂಕು, 1916ರ ವಾಣಿಜ್ಯ ಮಂಡಲಿ ಹುಟ್ಟಿದುವು. ಪಟ್ಟಣಗಳ ಅಟ್ಟಗಳ ಮೇಲೆ ಟೈಪ್‌ರೈಟಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಶಾಲೆಗಳು ತಲೆಯೆತ್ತಿದುವು. ಎ ಎಸ್ ಡಿ ಎಫ್ ಎಂದು ಕುಟ್ಟುವ ಸದ್ದು ಬೀದಿಗೆ ಕೇಳಿಸುತ್ತಿದ್ದಿತು. ಅಕ್ಷರದೊಡನೆಯೇ ಬರುತ್ತಿದ್ದ ಪತ್ರವಿದ್ಯೆಯು ಶಾಲೆಯಿಂದ ಬೇರ್ಪಟ್ಟು, ಬೇರೆ ಶುಲ್ಕ ತೆತ್ತು ಸಂಜೆಯ ಹೊತ್ತು ಕಲಿಯುವ ವಿದ್ಯೆಯಾಯಿತು.

1956ರಲ್ಲಿ ರಾಜ್ಯವು ಒಂದಾದಾಗ ಮತ್ತೊಂದು ಸಮಸ್ಯೆ ಎದುರಾಯಿತು. ಮೈಸೂರಿನವರ ಅಮಲ್ದಾರನು ಧಾರವಾಡದವರಿಗೆ ಮಾಮಲೇದಾರ, ಹೈದರಾಬಾದು ಭಾಗದವರಿಗೆ ತಹಶೀಲ್ದಾರ. ಒಬ್ಬರ ಕಚೇರಿಗನ್ನಡದಲ್ಲಿ ಮರಾಠಿಯ ಛಾಯೆ, ಇನ್ನೊಬ್ಬರದರಲ್ಲಿ ಉರ್ದುವಿನದು. 1963ರ ರಾಜ್ಯಭಾಷಾ ಅಧಿನಿಯಮವು ಕನ್ನಡವನ್ನು ಆಡಳಿತಕ್ಕೆ ಕರೆತಂದಾಗ, ಇವರೆಲ್ಲರಿಗೂ ಸಮ್ಮತವಾಗುವ ಒಕ್ಕಣೆಯೊಂದು ಬೇಕಾಯಿತು. ವಿಷಯ, ಉಲ್ಲೇಖ, ಮಾನ್ಯರೇ ಎಂಬ ಅನುಕ್ರಮದಲ್ಲಿ ನೆಲೆನಿಂತ ಇಂದಿನ ಪತ್ರದ ಅಸ್ಥಿಪಂಜರವು ಇಂಗ್ಲಿಷ್ ಕಚೇರಿಯದು; ಅದರಿಂದ ಅನುಕೂಲವೂ ಆಗಿದೆ, ವಿಷಯವು ಮೊದಲಿಗೇ ಕಣ್ಣಿಗೆ ಬೀಳುತ್ತದೆ. ಆದರೆ ಆ ಎಲುಬಿನೊಡನೆ ಇಂಗ್ಲಿಷಿನ ಕರ್ಮಣಿ ಪ್ರಯೋಗವೂ ಒಳಗೆ ಬಂದಿತು. ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂಬ ವಾಕ್ಯದಲ್ಲಿ ಕೈಗೊಳ್ಳುವವರು ಯಾರೆಂಬುದನ್ನು ಅರ್ಜಿದಾರನು ಊಹಿಸಿಕೊಳ್ಳಬೇಕು. ಹಳೆಯ ನಿರೂಪಗಳಲ್ಲಾದರೋ, ಬರೆಯಿಸಿ ಕಳುಹಿಸಿದವರ ಹೆಸರೂ, ಕೆಲಸವನ್ನು ಮಾಡತಕ್ಕವನ ಹೆಸರೂ ಮೊದಲ ಸಾಲುಗಳಲ್ಲಿಯೇ ಇರುತ್ತಿದ್ದುವು.